ಹನ್ನೊಂದನೇ ಬುಟ್ಟಿ

ಲೆಡ್‌ವಿಲ್‌ನಲ್ಲಿ ಗಾಳಿ ಕಡಿಮೆ.
ಹತ್ತು ಸಾವಿರ ಅಡಿ ಮೇಲೆ ಅಕ್ಕಿಗೂ ಬೇಯಲು ಹಟ,
ನಾಲ್ಕು ಮೆಟ್ಟಿಲು ಹತ್ತಿದರೆ ಎದೆಯೊಳಗೆ
ಯಾರೋ ಬಾಗಿಲು ಬಡಿಯುತ್ತಾರೆ.
ಅಂಥ ಊರಲ್ಲಿ ಭಾನುವಾರ ಬೆಳಗ್ಗೆ ಏಳಕ್ಕೆ
ಆರಿನ್ ಟೆಸ್ಕಿ ತನ್ನ ಪಿಕಪ್ಪಿನ ಹಾರ್ನ್ ಒತ್ತುತ್ತಾನೆ,
ಎರಡು ಸಲ ಕರೆ, ಮೂರನೆಯದು ಬೈಗುಳ.

ಚೀಲದಲ್ಲಿ ಹದಿನಾಲ್ಕು ಪ್ಲಾಸ್ಟಿಕ್ ತಟ್ಟೆ:
ಕಿತ್ತಳೆ, ಗಿಳಿಹಸಿರು, ನಾಯಿ ಕಚ್ಚಿದ ಒಂದು ಗುಲಾಬಿ.
ಊಟಕ್ಕಲ್ಲ, ಎಸೆಯಲಿಕ್ಕೆ.
ಗುಡ್ಡದ ತುಂಬ ಕಂಬ, ಕಂಬಕ್ಕೊಂದು ಬುಟ್ಟಿ,
ಬುಟ್ಟಿಯ ಮೇಲೆ ಜೋತುಬಿದ್ದ ಸರಪಳಿ.
ತಟ್ಟೆ ತಾಗಿದರೆ ಝಣ್ ಅನ್ನಬೇಕು, ಅಷ್ಟೇ ಆಟ.
ಅಷ್ಟೇನಾ ಎಂದವರು
ಮೊದಲ ಬುಟ್ಟಿಗೇ ಒಂಬತ್ತು ಸಲ ಎಸೆದು
ಕಾರಿನ ಕೀ ಹುಡುಕಿಕೊಳ್ಳುತ್ತಾರೆ.

ನಾನು ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸುವವಳು, ಐದೈದಾಗಿ.
ಎಸೆತ ಅಂದರೆ ನನಗೆ ಗೊತ್ತಿದ್ದದ್ದು
ಅಜ್ಜಿಯ ಮೊರ. ಮಣಿಕಟ್ಟಿನ ಒಂದೇ ಕೊಂಕು,
ಹೊಟ್ಟು ಆಚೆ, ಕಾಳು ಈಚೆ.
ಮೊದಲ ದಿನ ಅದನ್ನೇ ಮಾಡಿದೆ.
"ಯಾರು ಕಲಿಸಿದ್ದು?" ಅಂದ ಆರಿನ್.
"ರಾಗಿ" ಅಂದೆ.
ಯಾವುದೋ ಕೋಚಿನ ಹೆಸರೆಂದು ಗೌರವದಿಂದ ತಲೆಯಾಡಿಸಿದ.

ಹೊಸ ತಟ್ಟೆಯೊಂದನ್ನು ಕೊಂಡಿದ್ದೆ, ಇಪ್ಪತ್ತೆರಡು ಡಾಲರು,
ಅಂಚು ಬ್ಲೇಡಿನ ಹಾಗೆ.
ಎಸೆದರೆ ಅರ್ಧ ದಾರಿಗೇ ಎಡಕ್ಕೆ ಮುಖ ತಿರುವಿ
ಮುನಿದ ನಾದಿನಿಯಂತೆ ಪೊದೆ ಸೇರಿತು.
ಆರಿನ್ ನಗಲಿಲ್ಲ. ನಕ್ಕರೆ ಕೆಮ್ಮು ಬರುತ್ತದೆ ಅವನಿಗೆ,
ಇಪ್ಪತ್ತೆಂಟು ವರ್ಷ ಗಣಿಯ ದೂಳು.
ತನ್ನ ಚೀಲದಿಂದ ಒಂದನ್ನು ತೆಗೆದುಕೊಟ್ಟ:
ಅಂಚು ತರಿದು, ಬಣ್ಣ ಹೋಗಿ, ಬೆನ್ನ ತುಂಬ ಕಲ್ಲುಗಳ ಸಹಿ.
"ತೆಳು ಗಾಳಿಗೆ ಹೊಸದು ಒಗ್ಗಲ್ಲ.
ನಾನೂರು ಸಲ ಮರಕ್ಕೆ ಬಡಿದದ್ದು ಮಾತ್ರ
ಇಲ್ಲಿ ನೆಟ್ಟಗೆ ಹೋಗುತ್ತೆ."
ಉಪದೇಶ ಅಂದುಕೊಳ್ಳಬೇಡಿ.
ಆತ ಪ್ಲಾಸ್ಟಿಕ್ಕಿನ ಬಗ್ಗೆಯೇ ಹೇಳಿದ್ದು.

ಹನ್ನೊಂದನೆಯದಕ್ಕೆ ಬಂದರೆ ನೆಲ ಮುಗಿಯುತ್ತದೆ.
ಈ ದಂಡೆಯಲ್ಲಿ ನಾವು, ಆ ದಂಡೆಯಲ್ಲಿ ಬುಟ್ಟಿ,
ನಡುವೆ ಕಮರಿ. ಕೆಳಗೆ ಗಣಿಯವರು ಬಿಟ್ಟುಹೋದ
ಹಳದಿ ಮಣ್ಣಿನ ರಾಶಿ, ಮುರಿದ ತೊಲೆಗಳು,
ಜುಲೈಯಲ್ಲೂ ಕರಗದ ಒಂದು ತುಂಡು ಹಿಮ.
ಆಸ್ಪೆನ್ ಎಲೆಗಳು ಎಸೆಯುವ ಮೊದಲೇ ಚಪ್ಪಾಳೆ ತಟ್ಟುತ್ತವೆ,
ಯಾರ ಪರವೆಂದು ಹೇಳುವುದಿಲ್ಲ.
ಆರಿನ್ ಹುಲ್ಲು ಕಿತ್ತು ಗಾಳಿಗೆ ಬಿಡುತ್ತಾನೆ.
ಹುಲ್ಲು ನನ್ನ ಮೂಗಿಗೇ ಬರುತ್ತದೆ.
"ತಡಿ."
ತಡೆದೆ.
"ಈಗ."

ಕಮರಿಯ ನಟ್ಟನಡುವೆ ಒಂದು ಗಳಿಗೆ ಅದು
ಯಾರ ಕೈಯದೂ ಅಲ್ಲವೆಂಬಂತೆ ನಿಂತಿತ್ತು.
ಆಮೇಲೆ ಕೈ ನೆನಪಾಗಿ, ಬಿತ್ತು.

ಕೆಳಗಿಳಿದೆ, ಕುಂಡೆ ಸವೆಸುತ್ತ, ಕಲ್ಲು ಜಾರಿಸುತ್ತ.
ನನ್ನದು ಸಿಗಲಿಲ್ಲ. ಸಿಕ್ಕಿದ್ದು ನೀಲಿಯದೊಂದು,
ಹೊಟ್ಟೆಯ ಮೇಲೆ ಮಸಿಯಲ್ಲಿ: ಹಾಲಿಸ್, ನೆಬ್ರಸ್ಕ,
ಫೋನಿನ ಹತ್ತು ಅಂಕಿ, ಏಳೋ ಒಂದೋ ತಿಳಿಯದ ಕೊನೆಯದು.
ಮೇಲೆ ಬಂದು, ಉಸಿರು ಬರುವವರೆಗೆ ಕೂತು, ಏಳನ್ನೇ ಒತ್ತಿದೆ.

"ಯಾವ ಬುಟ್ಟಿ?" ಅಂತು ಮುದಿ ಗಂಟಲು.
"ಹನ್ನೊಂದು."
ಆ ಕಡೆ ಬಹಳ ಹೊತ್ತು ಟಿವಿಯ ಸದ್ದು.
"ಆಚೆ ದಂಡೆಗೆ ಎಷ್ಟು ದೂರ ಇತ್ತು?"
ಅದು ಬಿದ್ದಿದ್ದದ್ದು ನಾವು ನಿಂತ ಬಂಡೆಯ ಬುಡದಲ್ಲೇ.
"ಹತ್ತಡಿ" ಅಂದೆ.
"ಗೊತ್ತಿತ್ತು! ಗೊತ್ತಿತ್ತು ನನಗೆ.
ಇವಳು ಆರು ವರ್ಷದಿಂದ ನಂಬ್ತಿಲ್ಲ.
ಇರು, ಸ್ಪೀಕರಿಗೆ ಹಾಕ್ತೀನಿ, ಇನ್ನೊಂದು ಸಲ ಹೇಳು."
ಹೇಳಿದೆ. ಇನ್ನೊಂದು ಸಲ.

ಆರಿನ್ ನಕ್ಕುಬಿಟ್ಟ. ಕೆಮ್ಮಿದ, ಮಂಡಿ ಹಿಡಿದು ಬಗ್ಗಿದ,
ಕೈಯೆತ್ತಿ ಬೇಡ ಬೇಡ ಅಂದ ನನಗೆ, ನೀರಿಗೆ, ಬೆಟ್ಟಕ್ಕೆ.
ಕೆಮ್ಮು ನಿಲ್ಲುವವರೆಗೆ ನಾನು ಆಚೆ ನೋಡುತ್ತಿದ್ದೆ.

ಆಮೇಲೆ ಹಾಲಿಸನ ನೀಲಿಯನ್ನೇ ಎಸೆದು, ದಾಟಿಸಿ,
ಸುತ್ತುಹಾದಿಯಲ್ಲಿ ಹೋಗಿ ಬುಟ್ಟಿಗೆ ಹಾಕಿ ಮುಗಿಸಿದೆ.
"ದಂಡ ಸೇರಿ ಐದು" ಅಂದೆ.
ಆರಿನ್ ಮೋಟು ಪೆನ್ಸಿಲಿನಲ್ಲಿ ಆರು ಬರೆದ.
"ಯಾಕೆ?"
"ಸುಳ್ಳಿಗೊಂದು" ಅಂದು
ಹನ್ನೆರಡರ ಕಡೆ ಹತ್ತತೊಡಗಿದ.